ಆರು ಕೋಳಿ ಸಾಕೇ, ಇನ್ನೂ ನಾಲ್ಕು ತರಬೇಕೇ?

"ಎಂತ ಮಾರಾಯ್ರೆ, ಇಷ್ಟು ದೊಡ್ಡ ಹಿತ್ತಿಲು, ಆರೇ ಕೋಳಿಯಾ?"

ಮನೆಗೆ ಬಂದ ನೆಂಟರು ಕಾಫಿ ಲೋಟ ಹಿಡಿದುಕೊಂಡು ಹಿಂದಿನ ಜಗಲಿಗೆ ಬಂದರೆ ಈ ಮಾತು ಬಂದೇ ಬರುತ್ತದೆ. ನಮ್ಮ ಮನೆ ಉಡುಪಿ ಜಿಲ್ಲೆಯ ಕಾಪು ಹತ್ತಿರ. ಹಿಂದೆ ಹದಿನೈದು ತೆಂಗಿನ ಮರ, ಬಾವಿಯ ಪಕ್ಕ ಬಸಳೆ ಚಪ್ಪರ, ಅದರಾಚೆ ನಾಲ್ಕು ಸಾಲು ಮಲ್ಲಿಗೆ. ಐದು ಹೇಂಟೆ, ಒಂದು ಹುಂಜ. ನೋಡುವವರಿಗೆ ಇನ್ನೂ ಇಪ್ಪತ್ತು ಕೋಳಿ ಆರಾಮಾಗಿ ತಿರುಗಾಡುವಷ್ಟು ಜಾಗ ಕಾಣುತ್ತದೆ.

ನನಗೂ ಒಮ್ಮೆ ಹಾಗೇ ಕಂಡಿತ್ತು. ನಾಲ್ಕು ವರ್ಷದ ಹಿಂದೆ ಮೇ ತಿಂಗಳಲ್ಲಿ ಒಂದು ಹೇಂಟೆ ಏಳು ಮರಿ ಮಾಡಿತು. ಜೂನ್ ಶುರುವಿಗೆ ಸಂತೆಯಿಂದ ನಾಲ್ಕು ಬೆಳೆದ ಕೋಳಿ ತಂದೆ. ಆರು ಇದ್ದದ್ದು ಹದಿನೇಳು ಆಯಿತು. ಆ ಮಳೆಗಾಲ ಮುಗಿಯುವಾಗ ಉಳಿದದ್ದು ಎಂಟು.

ಕೋಳಿ ಸಾಕುವ ಎಲ್ಲರಿಗೂ ಈ ಆಸೆ ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ "ಇನ್ನೂ ಸ್ವಲ್ಪ ತರುವ" ಅನ್ನಿಸಿದಾಗ ನಮ್ಮ ಮುಂದೆ ಇರುವುದು ಒಂದೇ ದಾರಿಯಲ್ಲ. ಕಾವಿಗೆ ಕೂರಿಸಬಹುದು, ಫಾರಂ ಮರಿ ತರಬಹುದು, ಸಂತೆಯಿಂದ ಬೆಳೆದ ಕೋಳಿ ತರಬಹುದು, ಇದ್ದಷ್ಟೇ ಇಟ್ಟುಕೊಂಡು ತಳಿ ಬದಲಿಸಬಹುದು, ಏನೂ ಮಾಡದೆ ಕಾಯಬಹುದು. ಇವುಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂದು ಉಡುಪಿ, ಮಂಗಳೂರು ಕಡೆಯ ಹಿತ್ತಿಲನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬಯಲುಸೀಮೆಯ ಲೆಕ್ಕ ನಮಗೆ ಹೊಂದುವುದಿಲ್ಲ.

ಮೊದಲು ಆಟಿಯ ಲೆಕ್ಕ

ಒಂದು ಕೋಳಿಗೆ ರಾತ್ರಿ ಮಲಗಲು ಎರಡು ಚದರಡಿ ಸಾಕು ಎಂದು ಹೇಳುವವರಿದ್ದಾರೆ. ಜನವರಿಯಲ್ಲಿ ಅದು ಸರಿ. ಬೆಳಿಗ್ಗೆ ಬಾಗಿಲು ತೆರೆದರೆ ಸಂಜೆವರೆಗೆ ಅವು ತೋಟದಲ್ಲೇ ಇರುತ್ತವೆ. ಗೂಡು ಬರೀ ಮಲಗುವ ಜಾಗ. ಆದರೆ ನಮ್ಮಲ್ಲಿ ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ತುಳುವರ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮೂರು ದಿನ ಬಿಡದೆ ಹೊಯ್ದರೆ ಕೋಳಿ ಹೊರಗೆ ಕಾಲಿಡುವುದಿಲ್ಲ. ಆಗ ಅದೇ ಗೂಡು ಮಲಗುವ ಕೋಣೆ, ಊಟದ ಕೋಣೆ, ಅಂಗಳ ಎಲ್ಲ ಆಗಬೇಕು. ಹಾಗಾಗಿ ನಮ್ಮೂರಿನಲ್ಲಿ ಒಂದು ಕೋಳಿಗೆ ನಾಲ್ಕು ಚದರಡಿ ಇಟ್ಟು ಲೆಕ್ಕ ಹಾಕಿ. ನಮ್ಮ ಗೂಡು ಆರಡಿ ಉದ್ದ, ನಾಲ್ಕಡಿ ಅಗಲ. ಇಪ್ಪತ್ನಾಲ್ಕು ಚದರಡಿ, ಆರು ಕೋಳಿ. ತೋಟ ಎಷ್ಟೇ ದೊಡ್ಡದಿರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಹದಿನೇಳು ಇದ್ದ ವರ್ಷದ ಒಂದು ರಾತ್ರಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಟಾರ್ಚ್ ಹಿಡಿದು ಗೂಡಿನ ಬಾಗಿಲು ತೆರೆದೆ. ವಾಸನೆಗೆ ಕಣ್ಣು ಉರಿಯಿತು. ಹಿಕ್ಕೆಯೂ ನೀರೂ ಸೇರಿದಾಗ ಏಳುವ ಅಮೋನಿಯ ಅದು. ನೆಲದ ಉಮಿಯನ್ನು ಒಂದು ಹಿಡಿ ತೆಗೆದು ಹಿಂಡಿದೆ. ಕೈ ಬಿಟ್ಟರೂ ಉಂಡೆ ಉಂಡೆಯಾಗಿಯೇ ಇತ್ತು. (ಉಮಿ ಸರಿ ಇದ್ದರೆ ಕೈ ಬಿಟ್ಟ ಕೂಡಲೇ ಉದುರಿ ಹೋಗಬೇಕು. ಇದನ್ನು ವಾರಕ್ಕೊಮ್ಮೆ ಮಾಡಿ ನೋಡಿ.) ಮೂಲೆಯಲ್ಲಿ ಒಂದು ಮರಿ ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ನಿಂತಿತ್ತು. ಎತ್ತಿಕೊಂಡೆ. ಎದೆಯ ಮೂಳೆ ಚೂರಿಯ ಹಾಗೆ ಕೈಗೆ ತಾಗಿತು. ಹಿಂಭಾಗದ ಗರಿಗೆ ರಕ್ತ ಅಂಟಿತ್ತು.

ಅದು ರಕ್ತಭೇದಿ, ಕಾಕ್ಸಿಡಿಯೋಸಿಸ್. ಹಿಕ್ಕೆಯಲ್ಲಿ ಹೊರಬರುವ ಇದರ ಬೀಜಕ್ಕೆ ಬೇಕಾದದ್ದು ಬಿಸುಪು, ಒದ್ದೆ. ಎರಡೂ ಸಿಕ್ಕಿದರೆ ಒಂದೆರಡು ದಿನದಲ್ಲಿ ಅದು ರೋಗ ಹಬ್ಬಿಸಲು ತಯಾರಾಗುತ್ತದೆ. ಮೂರರಿಂದ ಎಂಟು ವಾರದ ಮರಿಗಳಿಗೆ ಇದು ಜಾಸ್ತಿ. ನನ್ನ ಮರಿಗಳು ಮೇ ಕೊನೆಯಲ್ಲಿ ಹೊರಬಂದವು. ಸರಿಯಾಗಿ ಆ ವಯಸ್ಸಿಗೆ ಬಂದದ್ದು ಜೂನ್ ಕೊನೆಗೆ, ಜುಲೈಗೆ. ಪಶು ವೈದ್ಯರು ನೀರಿಗೆ ಹಾಕುವ ಔಷಧಿ ಕೊಟ್ಟರು. ಎರಡು ಉಳಿದವು, ಐದು ಹೋದವು. ಗೂಡು ಒಣಗಿದ್ದಿದ್ದರೆ, ಮರಿ ಆರು ತಿಂಗಳು ತಡವಾಗಿ ಹುಟ್ಟಿದ್ದಿದ್ದರೆ ಅಷ್ಟೂ ಬದುಕುತ್ತಿದ್ದವು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

ಆಮೇಲೆ ನಾನು ಒಂದು ಕಟ್ಟು ಹಾಕಿಕೊಂಡೆ. ಪತ್ತನಾಜೆ ಕಳೆದ ಮೇಲೆ ಹೊಸ ಮರಿ ಇಲ್ಲ, ಹೊಸ ಕೋಳಿ ಇಲ್ಲ. ಮೇ ಕೊನೆಯ ಆ ದಿನಕ್ಕೆ ದೈವದ ಕೋಲ, ಯಕ್ಷಗಾನ ಆಟ ಎಲ್ಲ ನಿಲ್ಲುತ್ತದಲ್ಲ, ಅದರ ಜೊತೆ ಇದೂ ನಿಲ್ಲುತ್ತದೆ. ಮತ್ತೆ ಶುರುವಾಗುವುದು ನವರಾತ್ರಿ ಕಳೆದ ಮೇಲೆ.

ಆಸೆ ಯಾವಾಗ ಬರುತ್ತದೆ?

ಇದನ್ನೂ ಗಮನಿಸಿ. ನಮ್ಮ ಮನೆಯಲ್ಲಿ ಅದು ಬರುವುದು ಮೂರೇ ಹೊತ್ತಿಗೆ. ಹೇಂಟೆ ಕಾವಿಗೆ ಕೂತಾಗ. ಬೈಕಿಗೆ ಬುಟ್ಟಿ ಕಟ್ಟಿಕೊಂಡು ಬಣ್ಣದ ಮರಿ ಮಾರುವವರು ಗೇಟಿನ ಹತ್ತಿರ ಬಂದು ಮಕ್ಕಳು ಹಠ ಮಾಡಿದಾಗ. ಮತ್ತೆ ಮಳೆಗಾಲದ ಕೊನೆಗೆ ಮೊಟ್ಟೆ ನಿಂತಾಗ.

ಬಣ್ಣದ ಮರಿ ಬೇಡವೇ ಬೇಡ. ಅವು ಹೆಚ್ಚಾಗಿ ಮೊಟ್ಟೆ ತಳಿಯ ಗಂಡು ಮರಿಗಳು, ಫಾರಂಗೆ ಬೇಡವಾದವು. ತಾಯಿಯ ಬಿಸಿ ಇಲ್ಲದೆ, ಬಿಸಿಲಲ್ಲಿ ಊರೂರು ಸುತ್ತಿ ಬಂದಿರುತ್ತವೆ. ಮೂರನೇ ದಿನ ಮಕ್ಕಳು ಅಳುವುದನ್ನು ನೋಡಬೇಕಾಗುತ್ತದೆ.

ಮಳೆಗಾಲದ ಕೊನೆಗೆ ಮೊಟ್ಟೆ ನಿಂತರೆ ಹೆದರಬೇಡಿ. ಹಗಲು ಮೋಡ, ಬೆಳಕು ಕಡಿಮೆ. ಜೊತೆಗೆ ಗರಿ ಉದುರಿಸುವ ಕಾಲ. ಕೋಳಿ ತಿಂದದ್ದೆಲ್ಲ ಹೊಸ ಗರಿಗೆ ಹೋಗುತ್ತದೆ. ಆಗ "ಇವು ಮುದಿ ಆದವು, ಹೊಸತು ತರುವ" ಎಂದು ಸಂತೆಗೆ ಹೋಗುವವರೇ ಜಾಸ್ತಿ. ಆರೆಂಟು ವಾರ ಕಾದರೆ ಅವೇ ಕೋಳಿಗಳು ಮತ್ತೆ ಮೊಟ್ಟೆಗೆ ಬರುತ್ತವೆ. ಈ ಹೊತ್ತಿಗೆ ಸ್ವಲ್ಪ ಒಣಮೀನಿನ ಪುಡಿಯನ್ನೋ ನೆಲಗಡಲೆ ಹಿಂಡಿಯನ್ನೋ ತೌಡಿನ ಜೊತೆ ಕಲಸಿ ಕೊಡಿ. ಒಣಮೀನಾದರೆ ಉಪ್ಪು ಹಾಕದ್ದು ಬೇಕು, ಉಪ್ಪು ಕೋಳಿಗೆ ಆಗುವುದಿಲ್ಲ.

ಕಾವಿಗೆ ಕೂರಿಸುವುದು

ಎಲ್ಲಕ್ಕಿಂತ ಚಂದದ ದಾರಿ ಇದು. ಅದಕ್ಕೇ ಮನಸ್ಸು ತಡೆಯುವುದು ಕಷ್ಟ. ಬುಟ್ಟಿಯಲ್ಲಿ ಭತ್ತದ ಹುಲ್ಲು ಹಾಸಿ, ಮೊಟ್ಟೆ ಇಟ್ಟು, ಅತ್ತೆ ಒಂದು ಕಬ್ಬಿಣದ ಮೊಳೆಯನ್ನೂ ಇಡುತ್ತಾರೆ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು. 21 ದಿನ. ಇಪ್ಪತ್ತನೇ ದಿನ ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದರೆ ಒಳಗಿನಿಂದ ಚಿಂವ್ ಎನ್ನುವುದು ಕೇಳುತ್ತದೆ. ಆ ಶಬ್ದ ಕೇಳಿದ ಮೇಲೆ ಆರು ಸಾಕು ಎನ್ನುವ ಮನಸ್ಸು ಯಾರಿಗೆ ಬರುತ್ತದೆ?

ಆದರೆ ಲೆಕ್ಕವೂ ಬೇಕು. ಹತ್ತು ಮೊಟ್ಟೆ ಇಟ್ಟರೆ ಏಳೆಂಟು ಮರಿ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಐದು ಹೇಂಟೆಯ ನಡುವೆ ಮೂರು ಹುಂಜ ಬೆಳೆದರೆ ಹೇಂಟೆಗಳ ಬೆನ್ನಿನ ಗರಿ ಪೂರಾ ಹೋಗುತ್ತದೆ, ಹುಂಜಗಳು ರಕ್ತ ಬರುವವರೆಗೆ ಕಚ್ಚಾಡುತ್ತವೆ. ಹಾಗಾದರೆ ಆ ಹುಂಜಗಳಿಗೆ ಏನು ಮಾಡುತ್ತೀರಿ? ಮರಿ ಹುಟ್ಟುವ ಮೊದಲೇ ಇದಕ್ಕೆ ಉತ್ತರ ಇರಬೇಕು. ಸಾರು ಮಾಡುವ ಮನೆಯಾದರೆ, ದೈವಕ್ಕೆ ಕೊಡುವ ಕ್ರಮ ಇದ್ದರೆ ಸರಿ. ಹೆಸರಿಟ್ಟು ಸಾಕಿ ಆಮೇಲೆ ಮನಸ್ಸು ಬಾರದ ಮನೆಯಾದರೆ ಕೂರಿಸಲೇಬೇಡಿ. ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಹುಂಜ ಕೇಳಿಕೊಂಡು ಬರುವವರೂ ಉಂಟು. ನಾನು ಕೊಡುವುದಿಲ್ಲ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ, ಅದಕ್ಕಿಂತ ಮೊದಲು, ಕೈಯಲ್ಲಿ ನುಚ್ಚು ತಿನ್ನಿಸಿ ಬೆಳೆಸಿದ ಹುಂಜದ ಕಾಲಿಗೆ ಬಾಳು (ಸಣ್ಣ ಕತ್ತಿ) ಕಟ್ಟುವುದನ್ನು ನನಗೆ ನೆನೆಸಲೂ ಆಗುವುದಿಲ್ಲ.

ಇನ್ನೊಂದು ಮಾತು. ಕಾವಿಗೆ ಕೂತ ಹೇಂಟೆ ಮರಿಗಳನ್ನು ಬೆಳೆಸಿ ಬಿಡುವವರೆಗೆ ಎರಡೂವರೆ, ಮೂರು ತಿಂಗಳು ಮೊಟ್ಟೆ ಇಡುವುದಿಲ್ಲ. ಹೊಸ ಮರಿ ಮೊಟ್ಟೆಗೆ ಬರಲು ಆರು ತಿಂಗಳಾದರೂ ಬೇಕು. ಮೊಟ್ಟೆ ಸಾಲುತ್ತಿಲ್ಲ ಎಂದು ಕಾವಿಗೆ ಕೂರಿಸಿದರೆ ಮೊದಲ ಅರ್ಧ ವರ್ಷ ಮೊಟ್ಟೆ ಇನ್ನೂ ಕಡಿಮೆಯೇ ಆಗುತ್ತದೆ.

ಕೂರಿಸುವುದು ಬೇಡ ಅಂದರೆ ಕಾವು ಬಿಡಿಸಬೇಕು. ಹೇಂಟೆಯನ್ನು ನೀರಿಗೆ ಅದ್ದುವುದು, ಮೂಗಿಗೆ ಗರಿ ಚುಚ್ಚುವುದು, ಈ ಹಳೆಯ ಕ್ರಮಗಳನ್ನು ಬಿಟ್ಟುಬಿಡಿ. ತಳಕ್ಕೆ ತಂತಿಬಲೆ ಇರುವ ಪಂಜರವನ್ನು ಎರಡು ಕಲ್ಲಿನ ಮೇಲೆ ಇಟ್ಟು, ನೆರಳಲ್ಲಿ, ನೀರು ಮೇವು ಕೊಟ್ಟು ಮೂರು ನಾಲ್ಕು ದಿನ ಕೂಡಿ ಹಾಕಿದರೆ ಸಾಕು. ಹೊಟ್ಟೆಗೆ ಕೆಳಗಿನಿಂದ ಗಾಳಿ ತಾಗಿ ಕಾವು ಇಳಿಯುತ್ತದೆ.

ಫಾರಂ ಮರಿ

ಗಿರಿರಾಜ, ಸ್ವರ್ಣಧಾರ ಎರಡೂ ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಿಲ ಸಾಕಣೆಗೆಂದೇ ಮಾಡಿದ ತಳಿಗಳು. ಗ್ರಾಮಪ್ರಿಯ, ವನರಾಜ ಹೈದರಾಬಾದಿನವು. ಮರಿ ಎಲ್ಲಿ ಸಿಗುತ್ತದೆ ಎಂದು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಬ್ರಹ್ಮಾವರದ ಅಥವಾ ಮಂಗಳೂರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು.

ಕಷ್ಟ ಇರುವುದು ಮೊದಲ ತಿಂಗಳಲ್ಲಿ. ತಾಯಿ ಇಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾ ಬರಬೇಕು. ಬಲ್ಬು ಹಾಕಿದರೆ ಆಗುತ್ತದೆ, ಆದರೆ ಗಾಳಿಮಳೆಗೆ ಕರೆಂಟು ಹೋದ ರಾತ್ರಿ ಏನು ಮಾಡುವುದು? ಲಸಿಕೆಯದ್ದು ಇನ್ನೊಂದು ತಲೆಬಿಸಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರ ಕಣ್ಣಿಗೆ ಹನಿ, ಸುಮಾರು ಎಂಟನೇ ವಾರಕ್ಕೆ ಚುಚ್ಚುಮದ್ದು, ನಡುವೆ ಗಂಬೋರೊ ಎನ್ನುವ ಇನ್ನೊಂದು ರೋಗದ ಲಸಿಕೆ. ಲಸಿಕೆಯ ಬಾಟಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಐಸಿನಲ್ಲಿ ಇಟ್ಟುಕೊಂಡು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಾಲ್ಕು ಮರಿಗೆಂದು ಒಂದು ಬಾಟಲಿ ಒಡೆಯಬೇಕಾಗುತ್ತದೆ. ನಮ್ಮ ಬೀದಿಯಲ್ಲಿ ನಾವು ಐದು ಮನೆಯವರು ಸೇರಿ ಒಂದೇ ದಿನ ಹಾಕಿಸುತ್ತೇವೆ. ಒಬ್ಬರು ಥರ್ಮಾಸ್ ಹಿಡಿದುಕೊಂಡು ಹೋಗಿ ತರುತ್ತಾರೆ. ಹೀಗೆ ಜೊತೆಗೆ ಯಾರಾದರೂ ಇದ್ದರೆ ಫಾರಂ ಮರಿ ತರುವುದು ಒಳ್ಳೆಯದೇ. ಒಬ್ಬರೇ ಆದರೆ, ಒಂದು ತಿಂಗಳ ಬಿಸಿ ಮುಗಿದು ಲಸಿಕೆಯೂ ಆಗಿರುವ ಮರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟಾದರೂ ತನ್ನಿ.

ಸಂತೆಯ ಬೆಳೆದ ಕೋಳಿ

ಇವತ್ತು ತಂದರೆ ನಾಳೆ ಮೊಟ್ಟೆ ಎನ್ನುವ ಆಸೆಗೆ ಇದನ್ನು ತರುವುದು. ನಾನು ಎಲ್ಲಕ್ಕಿಂತ ಕೊನೆಗೆ ಇಡುವುದೂ ಇದನ್ನೇ. ಹತ್ತಾರು ಮನೆಯ ಕೋಳಿಗಳು ಒಂದೇ ಬುಟ್ಟಿಯಲ್ಲಿ ಕೂತಿರುತ್ತವೆ. ನಾನು ತಂದ ನಾಲ್ಕರಲ್ಲಿ ಒಂದು ಹತ್ತನೇ ದಿನಕ್ಕೆ ಹಸಿರು ಹಿಕ್ಕೆ ಹಾಕಿತು. ಆಮೇಲೆ ಕುತ್ತಿಗೆ ತಿರುಚಿಕೊಂಡು ಬಿತ್ತು. ಕೊಕ್ಕರೆ ರೋಗ. ಅದರ ಹಿಂದೆ ಇನ್ನೊಂದು, ಮತ್ತೆ ನಮ್ಮ ಹಳೆಯ ಎರಡು ಹೇಂಟೆ. ಆ ಎರಡು, ಮಗಳು ಒಂದನೇ ಕ್ಲಾಸಿನಲ್ಲಿ ಇರುವಾಗ ಮರಿಯಾಗಿ ಬಂದವು. ಈ ರೋಗ ಬಂದ ಮೇಲೆ ಮದ್ದಿಲ್ಲ.

ತರಲೇಬೇಕು ಅಂದರೆ ಹೊಸ ಕೋಳಿಯನ್ನು 30 ದಿನ ಬೇರೆ ಕಡೆ ಇಡಿ. ಪಕ್ಕದ ಗೂಡಿನಲ್ಲಿ ಅಲ್ಲ, ಮನೆಯ ಇನ್ನೊಂದು ಬದಿಯಲ್ಲಿ. ಮೇವು ಮೊದಲು ಹಳೆಯ ಕೋಳಿಗೆ, ಆಮೇಲೆ ಹೊಸತಕ್ಕೆ. ಚಪ್ಪಲಿಯೂ ಬೇರೆ. ಒಂದೇ ಕೋಳಿ ತರಬೇಡಿ, ಎಲ್ಲವೂ ಸೇರಿ ಅದನ್ನೊಂದನ್ನೇ ಕುಕ್ಕುತ್ತವೆ. ಎರಡು ತನ್ನಿ. ತಿಂಗಳು ಕಳೆದ ಮೇಲೆ ರಾತ್ರಿ ಕತ್ತಲಲ್ಲಿ ಮೆಲ್ಲ ಹಳೆಯ ಕೋಳಿಗಳು ಮಲಗುವ ಕೋಲಿನ ಮೇಲೆ ಕೂರಿಸಿ. ಬೇರೆ ಇಡಲು ಎರಡನೇ ಗೂಡು ನಿಮ್ಮಲ್ಲಿ ಇಲ್ಲವಾದರೆ ಈ ದಾರಿ ನಿಮಗಲ್ಲ.

ಸಂಖ್ಯೆ ಅಷ್ಟೇ, ತಳಿ ಬೇರೆ

ನನಗೆ ಇಷ್ಟವಾದದ್ದು ಇದು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ಊರ ಕೋಳಿ ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆ ಇಡುತ್ತದೆ. ಐದು ಹೇಂಟೆಗೆ ಸುಮಾರು 275. ಇದನ್ನು ಎರಡು ಪಟ್ಟು ಮಾಡಲು ಇನ್ನೂ ಐದು ಹೇಂಟೆ ತರುತ್ತೀರಿ ಅನ್ನಿ. ಆಗ 550. ಅದರ ಬದಲು, ಐದರಲ್ಲಿ ಎರಡು ಹಳೆಯ ಹೇಂಟೆ ಹೋದ ಮೇಲೆ ಆ ಜಾಗಕ್ಕೆ ಎರಡು ಸ್ವರ್ಣಧಾರ ತಂದರೆ? ಅದು ಒಳ್ಳೆಯ ಮೇವಿಗೆ ವರ್ಷಕ್ಕೆ 180ರ ಆಸುಪಾಸು ಇಡುತ್ತದೆ. ಎರಡಕ್ಕೆ 360, ಉಳಿದ ಮೂರು ಊರ ಕೋಳಿಗೆ 165. ಒಟ್ಟು 525. ಗೂಡು ಅದೇ, ಕೋಲು ಅದೇ, ಮೊಟ್ಟೆ ಹೆಚ್ಚುಕಡಿಮೆ ಎರಡು ಪಟ್ಟು. ಹಿತ್ತಿಲಲ್ಲಿ ಅಷ್ಟು ಇಡದೆ ಕಾಲು ಭಾಗ ಕಡಿಮೆಯಾದರೂ 435.

ಮೇವಿನಲ್ಲೂ ಇದೇ ಲೆಕ್ಕ. ಬೆಳೆದ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ. ಆರಕ್ಕೆ ತಿಂಗಳಿಗೆ 20 ಕಿಲೋ. ಹನ್ನೊಂದಕ್ಕೆ 36 ಕಿಲೋ ದಾಟುತ್ತದೆ. ಅಡುಗೆಮನೆಯಲ್ಲಿ ಉಳಿದ ಕುಚ್ಚಲಕ್ಕಿ ಅನ್ನ, ತರಕಾರಿ ಸಿಪ್ಪೆ ಆರಕ್ಕೆ ಸ್ವಲ್ಪ ಆಸರೆ ಆಗುತ್ತದೆ, ಹನ್ನೊಂದಕ್ಕೆ ಎಲ್ಲಿಗೂ ಸಾಲದು. ಹಿಕ್ಕೆಯೂ ಎರಡು ಪಟ್ಟು. ಮತ್ತೆ ಹೊಸ ಚಿಗುರಿನ ಬಸಳೆ ಬುಡವನ್ನು ಆರು ಕೋಳಿ ಕೆದಕಿದರೆ ತೆಂಗಿನ ಗರಿ ಅಡ್ಡ ಇಟ್ಟು ಉಳಿಸಬಹುದು. ಹದಿನೇಳು ಇದ್ದಾಗ ಮಲ್ಲಿಗೆಯ ಎರಡು ಸಾಲಿನ ಬೇರು ಹೊರಗೆ ಬಂದಿತ್ತು.

ಈ ದಾರಿಯ ಕೊರತೆಯನ್ನೂ ಹೇಳಬೇಕು. ಸ್ವರ್ಣಧಾರಕ್ಕೆ ಬರೀ ನುಚ್ಚು, ತೌಡು ಸಾಲದು, ಮೊಟ್ಟೆ ಕೋಳಿಯ ಮೇವೇ ಬೇಕು. ಸುಣ್ಣದ ಅಂಶಕ್ಕೆ ನಾನು ಮರುವಾಯಿ (ಕಪ್ಪೆಚಿಪ್ಪಿನ ಜಾತಿ) ಚಿಪ್ಪನ್ನು ತೊಳೆದು ಒಣಗಿಸಿ ಕುಟ್ಟಿ ಬೇರೆ ಬಟ್ಟಲಲ್ಲಿ ಇಡುತ್ತೇನೆ, ಬೇಕಾದಷ್ಟು ಅವೇ ತಿನ್ನುತ್ತವೆ. ಅವು ಕಾವಿಗೆ ಕೂರುವುದು ಅಪರೂಪ. ಅವುಗಳ ಮೊಟ್ಟೆಯಿಂದ ಮರಿ ಮಾಡಿದರೂ ತಾಯಿಯ ಗುಣ ಪೂರ್ತಿ ಬರುವುದಿಲ್ಲ, ಪ್ರತಿ ಸಲ ಹೊಸತೇ ತರಬೇಕು. ಗಿರಿರಾಜ ಇನ್ನೂ ಭಾರ, ಮುಂಗುಸಿಯೋ ನಾಯಿಯೋ ಬಂದರೆ ಹಾರಿ ತಪ್ಪಿಸಿಕೊಳ್ಳುವುದು ಅದಕ್ಕೆ ಕಷ್ಟ. ಸಾರಿಗೂ ಬೇಕು ಅನ್ನುವವರಿಗೆ ಗಿರಿರಾಜ, ಮೊಟ್ಟೆಗೆ ಸ್ವರ್ಣಧಾರ. ರುಚಿಯ ಮಾತು ಬಂದರೆ ಊರ ಕೋಳಿಯ ಮೊಟ್ಟೆಯೇ ಬೇಕು ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ, ಅದಕ್ಕೇ ಮೂರನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಹಾಗಾದರೆ ಯಾರಿಗೆ ಯಾವುದು?

ಮಂಗಳೂರು ಪೇಟೆಯೊಳಗೆ, ಕದ್ರಿಯಲ್ಲೋ ಬಿಜೈಯಲ್ಲೋ ಐದು ಸೆಂಟ್ಸ್ ಜಾಗದಲ್ಲಿ ಮನೆ ಇದ್ದರೆ ಹುಂಜ ಬೇಡ. ಮೂರು ನಾಲ್ಕು ಮೊಟ್ಟೆ ಕೋಳಿ ಸಾಕು. ಹುಂಜ ಇಲ್ಲದಿದ್ದರೂ ಮೊಟ್ಟೆ ಇಡುತ್ತವೆ. ಬೆಳಗಿನ ನಾಲ್ಕು ಗಂಟೆಯ ಕೂಗು ಪಕ್ಕದ ಮನೆಯ ಮಗುವನ್ನು ಎಬ್ಬಿಸುವುದಿಲ್ಲ. ಅಲ್ಲಿ ಸಂಖ್ಯೆ ಹೆಚ್ಚಿಸುವ ಯೋಚನೆಯೇ ಬೇಡ.

ಹಳ್ಳಿಯ ಕಡೆ ಹಿತ್ತಿಲಿದ್ದು, ಕೆಂಪು ಕಲ್ಲಿನ ಗೋಡೆ, ಹೆಂಚು ಹೊದಿಸಿದ ಒಣ ಗೂಡು ಇದ್ದರೆ, ಮನೆಯಲ್ಲಿ ಹಗಲು ಯಾರಾದರೂ ಇರುತ್ತಾರಾದರೆ, ಮೊದಲು ಗೂಡು ದೊಡ್ಡದು ಮಾಡಿ. ಒಂದು ಮಳೆಗಾಲ ಆರೇ ಕೋಳಿಯನ್ನು ಆ ಗೂಡಿನಲ್ಲಿ ಕಳೆಯಲು ಬಿಡಿ. ಆಟಿಯಲ್ಲೂ ಉಮಿ ಉದುರುತ್ತಿದ್ದರೆ ನವರಾತ್ರಿ ಕಳೆದು ನಾಲ್ಕು ತನ್ನಿ. ಕೋಳಿ ತಂದು ಆಮೇಲೆ ಗೂಡು ಕಟ್ಟುವ ಎಂದವರ ಗೂಡಿಗೆ ಟರ್ಪಾಲೇ ಛಾವಣಿಯಾಗಿ ಉಳಿದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಇದ್ದಷ್ಟರಲ್ಲೇ ಇರಿ. ಸಂಜೆ ಏಳು ಗಂಟೆಗೆ ಬಂದು ಬಾಗಿಲು ಹಾಕುವ ಗೂಡಿಗೆ ಕಬ್ಬೆಕ್ಕು ಆರೂವರೆಗೇ ಬಂದು ಹೋಗಿರುತ್ತದೆ.

ಮರಿ ನೋಡುವ ಆಸೆ ಮಾತ್ರ ತಡೆಯಲು ಆಗದವರಿಗೆ ಒಂದು ಉಪಾಯ ಉಂಟು. ಬೇರೆಯವರಿಗಾಗಿ ಕಾವಿಗೆ ಕೂರಿಸಿ. ಈ ವರ್ಷ ದೀಪಾವಳಿ ಹೊತ್ತಿಗೆ ನಮ್ಮ ಕೆಂಚು ಹೇಂಟೆ ಕೂತಿತು. ಹತ್ತು ಇಡಬಹುದಿತ್ತು, ಐದೇ ಇಟ್ಟೆ. ಇಡುವ ಮೊದಲು ಪಕ್ಕದ ಮನೆ ಅಕ್ಕನ ಹತ್ತಿರ ಕೇಳಿದೆ. ಅವರ ಎರಡು ಕೋಳಿಯನ್ನು ಮಳೆಗಾಲದಲ್ಲಿ ಹೆಬ್ಬಾವು ಹಿಡಿದಿತ್ತು. "ಎರಡು ಹೇಂಟೆ ಬಂದರೆ ನನಗೆ ಇರಲಿ, ಹುಂಜ ಬಂದರೂ ಕೊಡು, ದೈವದ ನೇಮಕ್ಕೆ ಬೇಕು" ಅಂದರು. ನಾಲ್ಕು ಮರಿ ಆದವು. ಈಗ ಅವಕ್ಕೆ ಐದು ವಾರ. ಬೆಳಿಗ್ಗೆ ತಾಯಿಯ ಹಿಂದೆ ತೆಂಗಿನ ಬುಡದಿಂದ ತೆಂಗಿನ ಬುಡಕ್ಕೆ ಓಡುತ್ತವೆ, ನಾನೂ ಮಗಳೂ ಜಗಲಿಯಲ್ಲಿ ಕೂತು ನೋಡುತ್ತೇವೆ. ಎಂಟನೇ ವಾರದ ಚುಚ್ಚುಮದ್ದು ಆದ ಮರುದಿನ ನಾಲ್ಕೂ ಅಕ್ಕನ ಮನೆಗೆ ಹೋಗುತ್ತವೆ. ಅವರ ಗೂಡಿಗೆ ಸಣ್ಣ ಕಣ್ಣಿನ ತಂತಿಬಲೆ ಹೊಡೆಯುವ ಕೆಲಸ ಈ ಭಾನುವಾರ ಉಂಟು.